ಕಸ ಗುಡಿಸುವ ಪ್ರೋಗ್ರಾಂ ಬರೆದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಂಗಳೂರಿನ ಪಡೀಲಿನಲ್ಲಿ, ಮೀನಿನವಳ ಬುಟ್ಟಿಯ ಎದುರು ಕುಕ್ಕರುಗಾಲಿನಲ್ಲಿ ಕೂತು ಬಂಗುಡೆಗೆ ಚೌಕಾಶಿ ಮಾಡುತ್ತಿದ್ದಾಗ. ಅವರ ನೆರೆಮನೆಯಾಕೆ ಪಕ್ಕದಲ್ಲೇ ನಿಂತಿದ್ದರು. "ನಿಮ್ಮ ಹಳೇ ಆಫೀಸಿನ ಮೇಡಂ ತೀರಿಕೊಂಡರಲ್ಲ, ನಿಮಗೆ ಗೊತ್ತಾಗಲಿಲ್ವಾ?" ಎಂದರು. ನನ್ನ ಕೈಯಲ್ಲಿದ್ದ ಮೀನು ಬುಟ್ಟಿಗೇ ಬಿತ್ತು. "ತುಂಬ ಸಮಯದಿಂದ ಕಾಯಿಲೆ ಇತ್ತಂತೆ. ಒಟ್ಟಿಗೆ ಇದ್ದ ತಂಗಿಗೂ ಹೇಳಿರಲಿಲ್ಲವಂತೆ" ಎಂದು ಆಕೆ ಸೇರಿಸಿದರು.

ಸಾವು ಯಾರನ್ನೂ ಬಿಟ್ಟದ್ದಲ್ಲ. ನನ್ನ ಎದೆಗೆ ಗುದ್ದಿದ್ದು ಆ ಎರಡನೆಯ ಮಾತು. ಮುಚ್ಚಿಡುವುದು ಎಂದರೆ ಮೈಯೆಲ್ಲ ಉರಿಯುತ್ತಿದ್ದ ಹೆಂಗಸು ಅವರು. ಅವರು ಇಷ್ಟು ದೊಡ್ಡದನ್ನು ಮುಚ್ಚಿಟ್ಟರೇ? ನಾನು ಮೀನು ಕೊಳ್ಳದೆ ಮನೆಗೆ ಬಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಂಪನಿಯ ಬೋರ್ಡಿನಲ್ಲೇ ತನ್ನ ಹೆಸರು ಹಾಕಿಸಲು ಒಪ್ಪದವರು, ಪುಸ್ತಕದಲ್ಲಿ ಕಂಡರೆ ನನ್ನನ್ನು ಬಿಟ್ಟಾರೆಯೇ?

ಎಂಬತ್ತರ ದಶಕದ ಮಾತಿದು. ಬಲ್ಮಠದ ಒಂದು ಮಾಳಿಗೆಯಲ್ಲಿ ನಮ್ಮ ಕಂಪನಿ ಇತ್ತು. ಕಂಪನಿ ಎನ್ನುವುದು ಬಾಯಿಮಾತಿಗೆ. ಹೆಂಚಿನ ಮಾಡು, ಕೆಳಗೆ ಟೈಲರ್ ಅಂಗಡಿ. ಹೋಟೆಲು, ನರ್ಸಿಂಗ್ ಹೋಮುಗಳಿಗೆ ಬೇಕಾದ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ಹೊರಗಿನ ಕರೆಯನ್ನು ಒಳಗಿನ ರೂಮುಗಳಿಗೆ ಜೋಡಿಸುವ ಪೆಟ್ಟಿಗೆ ಅದು. ಅದರ ಕಾರ್ಡುಗಳಿಗೆ ಬೆಸುಗೆ ಹಾಕುವ ಹಾರ್ಡ್‌ವೇರಿನವ ನಾನು. ಆ ಕಾರ್ಡುಗಳಿಗೆ ಬುದ್ಧಿ ತುಂಬುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದವರು ಅವರು.

ಸೇರಿದ ದಿನವೇ ನನಗೆ ಅವರ ಪರಿಚಯವಾಯಿತು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಹೊಸ ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು ಒಳಗೆ ಹೋದವನು ಮಧ್ಯಾಹ್ನ ಬಂದು ನೋಡಿದರೆ ಚಪ್ಪಲಿ ಇಲ್ಲ. ಹಿತ್ತಿಲಿನ ಕಸದ ಡಬ್ಬಿಯಲ್ಲಿ, ಟೈಲರನ ಬಟ್ಟೆಯ ಚೂರುಗಳ ನಡುವೆ ಸಿಕ್ಕಿತು. ಅವರ ಮೇಜಿನ ಮುಂದೆ ಹೋಗಿ ನಿಂತೆ. ತಲೆ ಎತ್ತದೆ ಹೇಳಿದರು: "ಇದು ಯಾರದ್ದು ಅಂತ ಬೊಬ್ಬೆ ಹಾಕಿ ಕೇಳಿದೆ. ಯಾರೂ ನಂದು ಅನ್ನಲಿಲ್ಲ. ಯಾರದ್ದೂ ಅಲ್ಲದ್ದು ಕಸ ಅಲ್ವಾ ಮಾರಾಯ?"

"ನಾನು ಒಳಗಿದ್ದೆ ಮೇಡಂ. ಕೇಳಿಸಲಿಲ್ಲ."

"ಹಾಗಾದರೆ ನಾಳೆಯಿಂದ ಕೇಳಿಸುವ ಹಾಗೆ ಇರು."

ಎಂಥ ಹೆಂಗಸಪ್ಪ ಎಂದು ಆ ದಿನ ಬೈದುಕೊಂಡೆ. ಮರುದಿನ ಬಂದು ನೋಡಿದರೆ ಬಾಗಿಲ ಬದಿಯಲ್ಲಿ ಚಪ್ಪಲಿ ಇಡಲು ಒಂದು ಹಲಗೆ ಹೊಡೆಸಿದ್ದರು, ಸ್ವಂತ ಖರ್ಚಿನಲ್ಲಿ. ಆ ವಿಷಯ ಎತ್ತಲು ನನ್ನನ್ನು ಬಿಡಲಿಲ್ಲ.

ಸುಳ್ಳು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಬಾಸಿನ ಹೆಂಡತಿ ಮನೆಯಲ್ಲಿ ಮಾಡಿದ ಹಲ್ವ ತಂದು ಎಲ್ಲರಿಗೂ ಹಂಚಿದರು. ನಾವೆಲ್ಲ ಭಾರೀ ಲಾಯ್ಕ ಉಂಟು ಎಂದು ಕೈ ನೆಕ್ಕುತ್ತಿದ್ದರೆ ಇವರು, "ತುಪ್ಪ ಹಳತು" ಎಂದುಬಿಟ್ಟರು. ನಮ್ಮ ಜೀವ ಬಾಯಿಗೆ ಬಂತು. ಗಿರಾಕಿಗಳು ಫೋನ್ ಮಾಡಿ ಎಕ್ಸ್‌ಚೇಂಜು ಹಾಳಾಗಿದೆ ಎಂದರೆ, ಕರೆಂಟಿನ ದೋಷವೋ ಇಲಿ ಕಡಿಯಿತೋ ಎಂದು ನಾವು ರಾಗ ಎಳೆಯುವಷ್ಟರಲ್ಲಿ ರಿಸೀವರ್ ಕಿತ್ತುಕೊಂಡು, "ತಪ್ಪು ನಮ್ಮದೇ, ನಾಳೆ ಬಂದು ಸರಿ ಮಾಡಿಕೊಡ್ತೇವೆ" ಎನ್ನುತ್ತಿದ್ದರು. ಬಾಸ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಆದರೆ ಗಿರಾಕಿಗಳು ಒಬ್ಬರೂ ಬಿಟ್ಟು ಹೋಗಲಿಲ್ಲ ಎನ್ನುವುದೂ ನಿಜ.

ಆ ದಿನಗಳಲ್ಲಿ ನಮ್ಮ ಪೆಟ್ಟಿಗೆಗಳಿಗೆ ಒಂದು ರೋಗ ಇತ್ತು. ಕೆಲವು ದಿನ ಚೆನ್ನಾಗಿ ನಡೆದು ಆಮೇಲೆ ಒಮ್ಮೆಗೇ ಕಲ್ಲಾಗಿ ಕೂರುತ್ತಿದ್ದವು. ಯಾವ ರೂಮಿನ ಫೋನ್ ಎತ್ತಿದರೂ ಸದ್ದಿಲ್ಲ. ಸ್ವಿಚ್ ಆಫ್ ಮಾಡಿ ಪುನಃ ಹಾಕಿದರೆ ಎದ್ದು ಕೂರುತ್ತಿದ್ದವು. ಕಾರಣವನ್ನು ಅವರು ನನಗೆ ತಿಳಿಸಿದ್ದು ಹೋಟೆಲಿನ ಲೆಕ್ಕದಲ್ಲಿ. ಪ್ರತಿಯೊಂದು ಕರೆಗೂ ಮೆಮೊರಿಯಲ್ಲಿ ಸ್ವಲ್ಪ ಜಾಗ ಬೇಕು, ಊಟಕ್ಕೆ ಬಂದವನಿಗೆ ಮೇಜು ಬೇಕಾದ ಹಾಗೆ. ಸಿ ಭಾಷೆಯಲ್ಲಿ ಮೇಜು ಹಿಡಿದವನೇ ಏಳುವಾಗ "ಬಿಟ್ಟೆ" ಎಂದು ಹೇಳಿ ಹೋಗಬೇಕು. ಬರೆಯುವವರು ಎಲ್ಲೋ ಒಂದು ಕಡೆ ಅದನ್ನು ಹೇಳಿಸಲು ಮರೆಯುತ್ತಾರೆ. ಉಂಡವ ಎದ್ದು ಹೋದರೂ ಮೇಜು ಖಾಲಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಆಗಿ ಆಗಿ ಒಂದು ದಿನ ಹೋಟೆಲು ಪೂರ್ತಿ ಖಾಲಿ, ಆದರೆ ಬಂದವರಿಗೆ ಮಾತ್ರ ಜಾಗ ಇಲ್ಲ.

ಬಾಸಿನ ಪರಿಹಾರ ಸುಲಭದ್ದು. ದಿನಾ ಬೆಳಿಗ್ಗೆ ಒಮ್ಮೆ ಆಫ್ ಮಾಡಿ ಆನ್ ಮಾಡಲು ಗಿರಾಕಿಗಳಿಗೆ ಹೇಳುವುದು. ಇವರಿಗೆ ಅದು ಮಾನ ಹೋಗುವ ಸಂಗತಿ. ಕಾಲೇಜಿನ ಲೈಬ್ರರಿಯಲ್ಲಿ ಕೂತು ಎಂತೆಂಥದೋ ಓದಿ ಬಂದರು. ಬೇರೆ ಕೆಲವು ಭಾಷೆಗಳಲ್ಲಿ ಜಾಗವನ್ನು ಯಾರೂ ಹಿಂದೆ ಕೊಡಬೇಕಾಗಿಲ್ಲವಂತೆ. ಭಾಷೆಯೇ ಆಗಾಗ ಎದ್ದು, ಯಾರ ಕೈಯೂ ಇಲ್ಲದ ಮೇಜುಗಳನ್ನು ಹುಡುಕಿ ಒರೆಸಿ ಇಡುತ್ತದಂತೆ. ಸಿ ಭಾಷೆಯಲ್ಲಿ ಆ ಸೌಲಭ್ಯ ಇಲ್ಲ. "ಇಲ್ಲದಿದ್ದರೆ ನಾನು ಮಾಡ್ತೇನೆ" ಎಂದರು. ಬಾಸ್ ಕೂಗಾಡಿದರು: "ಫೋನ್ ನಡೆಸುವ ಮೆಷಿನ್ ಇದು. ನಡುವಿನಲ್ಲಿ ಕಸ ಗುಡಿಸುತ್ತ ಕೂತರೆ ಡಯಲ್ ಟೋನ್ ಯಾರು ಕೊಡುವುದು?" ಇವರು ಕೇಳಲಿಲ್ಲ. ತಿಂಗಳುಗಟ್ಟಲೆ ಕೂತು ಬರೆದರು. ಅದಕ್ಕೆ ಗುಡಿಸುವವಳು ಎಂದೇ ಹೆಸರಾಯಿತು. ಪೆಟ್ಟಿಗೆಗಳು ಕಲ್ಲಾಗುವುದು ನಿಂತೇ ಹೋಯಿತು. "ನನ್ನ ಗುಡಿಸುವವಳಿಗೆ ತಪ್ಪುವುದಿಲ್ಲ. ಮನುಷ್ಯರು ಮರೆಯುತ್ತಾರೆ, ಅವಳು ಮರೆಯುವುದಿಲ್ಲ" ಎಂದು ಅವರು ಹೇಳುವಾಗ ಮುಖದಲ್ಲಿ ಇದ್ದ ಹಮ್ಮನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ನಮ್ಮ ಮೊದಲ ದೊಡ್ಡ ಗಿರಾಕಿ ನನ್ನ ಸೋದರಮಾವ. ಬಲ್ಮಠದಿಂದ ಕೆಳಗೆ ಇಳಿಯುವಲ್ಲಿ ಅವರ ಹೋಟೆಲು, ಮೇಲೆ ಲಾಡ್ಜಿಂಗ್. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವರ ಅಡುಗೆಮನೆಯಲ್ಲಿ ಉಳ್ಳಾಲದ ಗಿರಿಜಕ್ಕ ಕೆಲಸಕ್ಕಿದ್ದರು. ಅವರ ತಾಯಿ ಅದೇ ಹೋಟೆಲಿಗೆ ಮೀನು ತಂದು ಹಾಕುತ್ತಿದ್ದವರು. ತಂದೆಯನ್ನು ಹಿಂದೆಯೇ ಕಡಲು ಕೊಂಡುಹೋಗಿತ್ತು. ತಮ್ಮ ದಿನೇಶ ದುಬೈಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಫೋನ್ ಇಲ್ಲದ ಕಾರಣ ಅವನು ಶುಕ್ರವಾರ ರಜೆಯ ದಿನ ಹೋಟೆಲಿಗೇ ಫೋನ್ ಮಾಡುತ್ತಿದ್ದ. ಆಗ ತಾಯಿಯನ್ನೋ ಅಕ್ಕನನ್ನೋ ಹಿತ್ತಿಲಿನಿಂದ ಕರೆಯಬೇಕು, ಅವರು ಕೈ ತೊಳೆದು, ಸೆರಗು ಸರಿ ಮಾಡಿ, ಉದ್ದದ ಓಣಿ ದಾಟಿ ಕೌಂಟರಿಗೆ ಬರಬೇಕು. ಅಷ್ಟು ಹೊತ್ತೂ ದಿನೇಶ ಹೋಲ್ಡಿನಲ್ಲಿ. ನಾನು ಮಾಡಿದ ಹೋಲ್ಡ್ ಕಾರ್ಡು ಅವನ ಕಿವಿಗೆ ಟಿಣಿಟಿಣಿ ಸಂಗೀತ ಹಾಕುತ್ತಿತ್ತು. ಅಡುಗೆಮನೆಯಲ್ಲೂ ಒಂದು ಫೋನ್ ಇತ್ತು. ಅದಕ್ಕೆ ಹೊರಗಿನ ಕರೆ ಕೊಡಬಾರದು ಎಂದು ಮಾವನ ಕಟ್ಟಪ್ಪಣೆ.

ಆ ಮಳೆಗಾಲದಲ್ಲಿ ಗಿರಿಜಕ್ಕನ ತಾಯಿ ತೀರಿಕೊಂಡರು. ದಿನೇಶನಿಗೆ ತಿಳಿಸಲಿಲ್ಲ. ಗಲ್ಫಿಗೆ ಹೋದವರಿಗೆ ಸಾವಿನ ಸುದ್ದಿ ಮುಚ್ಚಿಡುವುದು ನಮ್ಮೂರಲ್ಲಿ ಆಗ ಹೊಸತಲ್ಲ. ಬಂದರೆ ಕೆಲಸ ಹೋಗುತ್ತದೆ, ಬಾರದಿದ್ದರೆ ಅಲ್ಲಿ ಒಬ್ಬನೇ ಕೂತು ಅಳುತ್ತಾನೆ, ರಜೆಗೆ ಬಂದಾಗ ಹೇಳಿದರಾಯಿತು ಎನ್ನುವುದು ಲೆಕ್ಕ.

ಮುಂದಿನ ಶುಕ್ರವಾರ ನಾನು ಬೇರೆ ಏನೋ ಸರ್ವಿಸಿಗೆಂದು ಹೋಗಿ, ಮಾವನ ಕ್ಯಾಬಿನ್ನಿನಲ್ಲಿ ಗೋಳಿಬಜೆ ತಿನ್ನುತ್ತ ಕೂತಿದ್ದೆ. ದುಬೈ ಕರೆ ಬಂತು. ಕೌಂಟರಿನವನು ಹೋಲ್ಡಿಗೆ ಹಾಕಿ ಗಿರಿಜಕ್ಕನಿಗೆ ಹೇಳಿಕಳುಹಿಸಿದ. ಗಿರಿಜಕ್ಕ ಬರುವುದು ತಡವಾಯಿತು. ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದಾರೆ ಎಂದು ಯಾರೋ ಬಂದು ಹೇಳಿದರು. ಮಾವ ತನ್ನ ಮೇಜಿನ ಫೋನ್ ಎತ್ತಿ ಅಡುಗೆಮನೆಯ ಫೋನಿಗೆ ತಿರುಗಿಸಿದರು. ಗಿರಿಜಕ್ಕ ಎತ್ತಿದರು.

"ಗಿರಿಜಾ, ಅಳಬೇಡ. ತಾಯಿ ತೀರಿಹೋದದ್ದು ಅವನಿಗೆ ಗೊತ್ತಾಗ್ಲಿಕ್ಕೆ ಬಾರದು. ಕಾಲುನೋವು, ಮಲಗಿದ್ದಾರೆ ಅಂತ ಹೇಳು."

ಮಾವನ ಮುಖ ಒಮ್ಮೆಗೇ ಬಿಳಿಚಿಕೊಂಡಿತು. ರಿಸೀವರಿನಿಂದ ಬಂದ ಗಂಡುದನಿ ಎದುರು ಕೂತ ನನಗೂ ಕೇಳಿಸಿತು.

"ಅಮ್ಮನಿಗೆ ಎಂತ ಆಯ್ತು? ಅಕ್ಕ? ಯಾರು ಮಾತಾಡುವುದು? ಅಮ್ಮನಿಗೆ ಎಂತ ಆಯ್ತು?"

ಓಣಿಯ ಆ ತುದಿಯಲ್ಲಿ ಪಾತ್ರೆ ಬಿದ್ದ ಸದ್ದು. ಮಾವ ರಿಸೀವರನ್ನು ಹಾವು ಬಿಟ್ಟ ಹಾಗೆ ಬಿಟ್ಟರು. ಹೋಲ್ಡಿನಲ್ಲಿದ್ದವನು ಒಳಗಿನ ಮಾತಿನ ನಡುವೆ ಬಂದದ್ದಾದರೂ ಹೇಗೆ? ಲೈನ್ ಕಡಿದುಹೋಯಿತು. ಗಿರಿಜಕ್ಕ ಬಾಗಿಲಲ್ಲಿ ಬಂದು ನಿಂತು, "ಅವನಿಗೆ ಗೊತ್ತಾಯ್ತು" ಎಂದರು. ಅಷ್ಟೇ ಹೇಳಿದ್ದು. ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ.

ಟೆಲಿಫೋನಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಕ್ರಾಸ್ ಟಾಕ್ ಆಗ ದಿನನಿತ್ಯದ ಸಂಗತಿ. ಎಲ್ಲರೂ ಹಾಗೆಯೇ ತಿಳಿದರು, ನಾನೂ. ಆಫೀಸಿಗೆ ಬಂದು ಹಾಗೆಯೇ ವರದಿ ಮಾಡಿದೆ. ಇವರು ಮಾತ್ರ ಕುರ್ಚಿಯಿಂದ ಎದ್ದು ನಿಂತರು.

"ತುಂಬ ಹೊತ್ತು ಹೋಲ್ಡಿನಲ್ಲಿ ಇದ್ದನಾ?"

"ಗಿರಿಜಕ್ಕ ಬರುವುದು ತಡ ಆಯ್ತಲ್ಲ."

ಅವರು ಪರೀಕ್ಷೆಗೆಂದು ಇಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತರು. ನನಗೆ ಒಂದು ಫೋನ್ ಹಿಡಿಸಿ ಹೋಲ್ಡಿಗೆ ಹಾಕಿದರು. ನಾನು ಟಿಣಿಟಿಣಿ ಕೇಳುತ್ತ ನಿಂತೆ. ಕಾಲು ನೋಯುವಷ್ಟು ಹೊತ್ತು ನಿಲ್ಲಿಸಿದರು. ಆಮೇಲೆ ಬೇರೆ ಎರಡು ಫೋನುಗಳಲ್ಲಿ ಟೈಪಿಸ್ಟ್ ಹುಡುಗಿಯನ್ನೂ ಅಟೆಂಡರನನ್ನೂ ಮಾತಾಡಲು ಹೇಳಿದರು. ಟಿಣಿಟಿಣಿ ನಿಂತಿತು. ನನ್ನ ಕಿವಿಯೊಳಗೆ ಆ ಹುಡುಗಿ, "ಎಂತ ಮಾತಾಡುವುದು, ನನಗೆ ನಾಚಿಕೆ ಆಗ್ತದೆ" ಎಂದಳು.

ಆದದ್ದು ಇಷ್ಟು. ಕರೆಯನ್ನು ಹೋಲ್ಡಿಗೆ ಹಾಕಿದ ಕೂಡಲೇ ಅದರ ಜಾಗದ ಗುರುತು ದೊಡ್ಡ ಮೆಮೊರಿಯಿಂದ ಹೋಗಿ ಹೋಲ್ಡ್ ಕಾರ್ಡಿನ ಚಿಪ್ಪಿನಲ್ಲಿ ಕೂರುವ ಹಾಗೆ ಅವರು ಬರೆದಿದ್ದರು. ಗುಡಿಸುವವಳು ದೊಡ್ಡ ಮೆಮೊರಿಯನ್ನು ಮೂಲೆಮೂಲೆಯೂ ಹುಡುಕುತ್ತಿದ್ದಳು, ಆ ಚಿಪ್ಪಿನೊಳಗೆ ಇಣುಕುತ್ತಿರಲಿಲ್ಲ. ಗಿರಾಕಿ ಕೈ ತೊಳೆಯಲು ಹೋದಾಗ ಮೇಜು ಒರೆಸಿ ಇನ್ನೊಬ್ಬರನ್ನು ಕೂರಿಸಿದ ಹಾಗೆ, ದಿನೇಶನ ಜಾಗವನ್ನು ಎತ್ತಿ ಮಾವನ ಕರೆಗೆ ಕೊಟ್ಟುಬಿಟ್ಟಳು. ಒಂದೇ ಜಾಗದಲ್ಲಿ ಎರಡು ಕರೆ. ಬೇರೆ ಊರಿನ ಆಫೀಸಿನಲ್ಲಾದರೆ ಈ ತಪ್ಪು ಹೊರಗೆ ಬರುತ್ತಲೇ ಇರಲಿಲ್ಲವೋ ಏನೋ. ಹೋಲ್ಡ್ ಎಂದರೆ ಅಲ್ಲಿ ಒಂದು ಗಳಿಗೆ. ಹಿತ್ತಿಲಿನಿಂದ ಅಕ್ಕನನ್ನು ಕರೆದು ತರುವಷ್ಟು ಹೊತ್ತು ಕಾಯಿಸುವುದು ನಮ್ಮಲ್ಲಿ ಮಾತ್ರ.

"ಟೆಲಿಫೋನ್ ಇಲಾಖೆಯ ಕ್ರಾಸ್ ಟಾಕ್ ಅಂತ ಬಿಡಿ. ಯಾರು ಕೇಳ್ತಾರೆ?" ಎಂದರು ಬಾಸ್.

"ಯಾರೂ ಕೇಳುವುದಿಲ್ಲ. ಅದಕ್ಕೇ ಹೇಳಬೇಕು" ಎಂದು ಇವರು ಕೊಡೆ ತೆಗೆದುಕೊಂಡರು.

ಉಳ್ಳಾಲಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಬೇಡ ಮೇಡಂ, ಸತ್ತ ಮನೆ, ಈಗ ಯಾಕೆ ಎಂದು ಬಸ್ಸಿನುದ್ದಕ್ಕೂ ಹೇಳಿದೆ. ಕಿಟಕಿಯ ಹೊರಗೆ ನೋಡುತ್ತ ಕೂತರು. ಗಿರಿಜಕ್ಕ ಚಾಪೆ ಹಾಸಿ ಕೂರಿಸಿದರು. ಇವರು ಕೂರಲಿಲ್ಲ. ನಿಂತೇ ಹೇಳಿದರು, "ಗಿರಿಜಕ್ಕ, ಅದು ಲೈನಿನ ತಪ್ಪಲ್ಲ, ನನ್ನದು. ನಿಮ್ಮ ತಮ್ಮ ಕಾಯ್ತಾ ಇದ್ದ ಜಾಗವನ್ನು ಯಾರಿಗೂ ಬೇಡದ್ದು ಅಂತ ನನ್ನ ಪ್ರೋಗ್ರಾಂ ಎತ್ತಿ ಬೇರೆಯವರಿಗೆ ಕೊಟ್ಟಿತು."

ಗಿರಿಜಕ್ಕ ಕೇಳಿದರು: "ಯಾರಿಗೂ ಬೇಡದವನಾ ನನ್ನ ತಮ್ಮ?"

ಎಲ್ಲರಿಗೂ ಎದುರುತ್ತರ ಕೊಡುವ ನಮ್ಮ ಮೇಡಮ್ಮನ ಕಣ್ಣಲ್ಲಿ ನೀರು ಕಂಡು ನಾನು ಹೌಹಾರಿದೆ. ಅವರಿಗೆ ಅಳು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅದನ್ನು ಕಂಡು ಗಿರಿಜಕ್ಕನ ಸಿಟ್ಟು ಇಳಿಯಿತೋ ಏನೋ, ಕೈ ಹಿಡಿದು ಕೂರಿಸಿ ಬೇರೊಂದು ಸಂಗತಿ ಹೇಳಿದರು. ಮುಚ್ಚಿಡಲು ಹೇಳಿದ್ದು ತಾಯಿಯೇ ಅಂತೆ. "ಅವನಿಗೆ ಹೇಳ್ಬೇಡ. ಬಂದರೆ ಪುನಃ ಹೋಗ್ಲಿಕ್ಕಿಲ್ಲ. ಇಲ್ಲಿ ದೋಣಿ ಹತ್ತುತ್ತಾನೆ. ಅಪ್ಪನನ್ನು ಕೊಂಡುಹೋದ ಕಡಲು ಅವನನ್ನೂ ಬಿಡ್ಲಿಕ್ಕಿಲ್ಲ" ಎಂದು ಮಗಳ ಕೈಯಲ್ಲಿ ಆಣೆ ಹಾಕಿಸಿಕೊಂಡು ಕಣ್ಣು ಮುಚ್ಚಿದರಂತೆ.

"ಇದು ಮಾತ್ರ ಅವನಿಗೆ ಗೊತ್ತಾಗುವುದು ಬೇಡ ಮೇಡಂ. ನಾನೇ ಮುಚ್ಚಿಟ್ಟದ್ದು ಅಂತ ಇರಲಿ. ಸಿಟ್ಟು ಮಾಡಿದರೆ ನನ್ನ ಮೇಲೆ ಮಾಡಲಿ. ಸತ್ತವರ ಮೇಲೆ ಬೇಡ" ಎಂದರು ಗಿರಿಜಕ್ಕ. ಇವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಆ ವಾರ ಅವರು ಗುಡಿಸುವವಳನ್ನು ಬದಲಾಯಿಸಿದರು. ಚಿಪ್ಪಿನೊಳಗೂ ಹುಡುಕಬೇಕು, ಯಾರದ್ದೋ ಇರಬಹುದು ಎಂದು ಎಳ್ಳಷ್ಟು ಸಂಶಯ ಬಂದರೂ ಮುಟ್ಟಬಾರದು. "ಸ್ವಲ್ಪ ಕಸ ಉಳಿದರೆ ಉಳಿಯಲಿ ಮಾರಾಯ" ಎಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ನಂಬಲು ನನಗೆ ಹೊತ್ತು ಬೇಕಾಯಿತು.

ಶುಕ್ರವಾರ ಬೆಳಿಗ್ಗೆಯೇ ಇಬ್ಬರೂ ಹೋಟೆಲಿಗೆ ಹೋಗಿ ಹೊಸ ಪ್ರೋಗ್ರಾಂ ಹಾಕಿದೆವು. ಲೈನ್ ಹೇಗಿದೆ ನೋಡಲು ನಾನು ಪರೀಕ್ಷೆಯ ರಿಸೀವರನ್ನು ತಂತಿಗೆ ಸಿಕ್ಕಿಸಿ ಕಿವಿಗೆ ಇಟ್ಟುಕೊಂಡಿದ್ದೆ. ಗಿರಿಜಕ್ಕ ಕೌಂಟರಿನ ಪಕ್ಕದಲ್ಲೇ ನಿಂತಿದ್ದರು. ಬೆಳಿಗ್ಗೆಯಿಂದ ಅವರು ಒಂದು ಗುಟುಕು ನೀರು ಸಹ ಕುಡಿದಿಲ್ಲ ಎಂದು ಮಾವ ಗೊಣಗುತ್ತಿದ್ದರು. ಮಧ್ಯಾಹ್ನ ಕರೆ ಬಂತು. ಮಾವ ಎತ್ತಿದರು.

"ಅಕ್ಕನಿಗೆ ಕೊಡ್ಬೇಡಿ ಧನಿಗಳೇ" ಎಂದ ದಿನೇಶ. "ಆ ದಿನ ಲೈನಿಗೆ ಎಂತ ಆದದ್ದು ಅಂತ ಗೊತ್ತಿರುವವರು ಯಾರಾದರೂ ಉಂಟಾ?"

ಮಾವ ಬೆಪ್ಪಾಗಿ ಮೇಡಮ್ಮನ ಮುಖ ನೋಡಿದರು. ಇವರು ರಿಸೀವರ್ ತೆಗೆದುಕೊಂಡು, ಉಳ್ಳಾಲದಲ್ಲಿ ಹೇಳಿದ್ದನ್ನೇ ಹೇಳಿದರು. ನನ್ನ ತಪ್ಪು, ನನ್ನ ಪ್ರೋಗ್ರಾಂ, ಈಗ ಸರಿ ಮಾಡಿದ್ದೇನೆ.

"ಮೆಷಿನ್ ಸರಿ ಇದ್ದಿದ್ದರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ಸರಿ ಮಾಡಿದ್ದು?"

ಇವರು ಕಣ್ಣು ಮುಚ್ಚಿಕೊಂಡು ನಿಂತರು. ದೂರದ ಕರೆ, ಗೊರಗೊರ ಸದ್ದು.

"ಮೇಡಂ, ನೀವು ಒಬ್ಬರೇ ನನಗೆ ಸತ್ಯ ಹೇಳಿದ್ದು. ಇನ್ನೊಂದು ಹೇಳಿ. ನನಗೆ ಹೇಳ್ಬಾರದು ಅಂತ ಮಾಡಿದ್ದು ಯಾರು? ಅಕ್ಕನಾ?"

ಇವರು ಕಣ್ಣು ಬಿಟ್ಟು ಗಿರಿಜಕ್ಕನನ್ನು ನೋಡಿದರು. ಪ್ರಶ್ನೆ ಏನೆಂದು ಗಿರಿಜಕ್ಕನಿಗೆ ಕೇಳಿಸದಿದ್ದರೂ ಅಂದಾಜಾಗಿತ್ತು. ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ತಲೆಯಾಡಿಸಿದರು. ಹೌದು ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಒಂದು ಸಲ ಸುಳ್ಳು ಹೇಳಿದರೆ ನಾಲಗೆ ಬಿದ್ದುಹೋಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

"ಅಕ್ಕ ಅಲ್ಲ" ಎಂದರು ಇವರು. "ನಿಮ್ಮ ಅಮ್ಮ. ನೀವು ಬಂದರೆ ಕಡಲಿಗೆ ಇಳಿಯುತ್ತೀರಿ ಅಂತ ಹೆದರಿದ್ದರು. ನಿಮ್ಮ ಅಕ್ಕನ ಕೈಯಲ್ಲಿ ಆಣೆ ಹಾಕಿಸಿದ್ದಾರೆ."

ಗಿರಿಜಕ್ಕ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತರು. ಅದೆಂಥ ಕಲ್ಲು ಮನಸ್ಸು ಇವರದು ಎಂದು ನನಗೆ ಮೈಯೆಲ್ಲ ಉರಿಯಿತು. ತಂತಿಯಲ್ಲಿ ಸದ್ದೇ ಇಲ್ಲ. ಕಡಿದುಹೋಯಿತೇನೋ ಎಂದು ನಾನು ಪೆಟ್ಟಿಗೆಯ ದೀಪ ನೋಡಿದೆ. ದೀಪ ಉರಿಯುತ್ತಿತ್ತು. ಆಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

"ಅಕ್ಕನಿಗೆ ಕೊಡಿ."

ಇವರು ನೆಲದ ಮೇಲೆ ಮಂಡಿಯೂರಿ ಕೂತು ರಿಸೀವರನ್ನು ಗಿರಿಜಕ್ಕನ ಕಿವಿಗೆ ಹಿಡಿದರು.

"ಅಕ್ಕ" ಎಂದ ಅವನು ತುಳುವಿನಲ್ಲಿ, "ಒಣಸ್ ಆಂಡಾ?" ಊಟ ಆಯಿತಾ ಎಂದು.

ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಆಂಡ್" ಎಂದರು, ಆಯಿತು ಎಂದು. "ನಿನ್ನದು?"

ನಮ್ಮ ಮೇಡಂ ಒಮ್ಮೆ ಗಿರಿಜಕ್ಕನ ಮುಖ ನೋಡಿದರು. ರಿಸೀವರನ್ನು ಅವರ ಕೈಗೆ ಕೊಟ್ಟು, ಎದ್ದು ಅಡುಗೆಮನೆಗೆ ಹೋದರು. ಒಂದು ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ, ಮೇಲೆ ಮೀನಿನ ಸಾರು ಹಾಕಿ ತಂದು, ತಮ್ಮನೊಡನೆ ಮಾತಾಡುತ್ತಿದ್ದ ಗಿರಿಜಕ್ಕನ ಮುಂದೆ ಸದ್ದಾಗದ ಹಾಗೆ ಇಟ್ಟರು.